ಕಡ್ಡಿ ಮುರಿಯೋದು ನಿಂತಿದ್ದು ಹೀಗೆ

ನಾನು 6 ಅಡಿ 3 ಇಂಚು, ತೂಕ 118 ಕೆಜಿ. ಹಳೇ ಸೈಕಲ್‌ನಲ್ಲಿ ತಿರುಗುವಾಗ ಮೊಣಕಾಲು ಹ್ಯಾಂಡಲ್‌ಗೆ ಬಡಿಯುತ್ತಿತ್ತು. ಹಿಂದಿನ ಚಕ್ರದ ಕಡ್ಡಿ ತಿಂಗಳಿಗೊಮ್ಮೆ ‘ಟಣ್’ ಅಂತ ಮುರಿಯುತ್ತಿತ್ತು, ಅದೂ ಚೈನ್ ಇರೋ ಕಡೆಯೇ. ಅಂಗಡಿಯವರು ಪ್ರತಿ ಸಲ ಒಂದು ಕಡ್ಡಿ ಹಾಕಿ ಕಳಿಸುತ್ತಿದ್ದರು, ಅಷ್ಟೇ.

ಕೊನೆಗೆ ಆ ಸೈಕಲ್ಲನ್ನು ಸಣಕಲು ತಮ್ಮನಿಗೆ ಕೊಟ್ಟು ಹೊಸದು ತಗೊಂಡೆ. ಈ ಸಲ ಬಣ್ಣ, ಗೇರ್ ಅಂತ ಮರುಳಾಗಲಿಲ್ಲ. ಎಕ್ಸ್‌ಎಲ್ ಸೈಜಿನ ಸ್ಟೀಲ್ ಫ್ರೇಮ್, ಮುಂದಿನ ಚಕ್ರ ಹಿಡಿಯೋ ಫೋರ್ಕ್‌ಗೆ ಸಸ್ಪೆನ್ಷನ್ ಇಲ್ಲ, 2 ಇಂಚು ಅಗಲದ ಟೈರ್. ಸೈಕಲ್ ಎಷ್ಟು ಭಾರ ತಡೆಯುತ್ತೆ ಅನ್ನೋ ತೂಕದ ಮಿತಿಯನ್ನೂ ಓದಿದೆ. ಬ್ಯಾಗಿನ ಭಾರವೂ ಅದರಲ್ಲೇ ಸೇರುತ್ತೆ, ಅಲ್ವಾ?

ಹಿಂದಿನ ಚಕ್ರಕ್ಕೆ 36 ಕಡ್ಡಿಯ, ಎರಡು ಗೋಡೆಯ (ಡಬಲ್‌ವಾಲ್) ರಿಮ್ ಕಟ್ಟಿಸಿದೆ. ನೂರು ಕಿಲೋಮೀಟರ್ ಓಡಿಸಿದ ಮೇಲೆ ಕಡ್ಡಿಗಳನ್ನು ಮತ್ತೆ ಬಿಗಿ ಮಾಡಿಸಿದೆ. ಇದನ್ನು ಮಾತ್ರ ಬಿಡಬೇಡಿ.

ಎಂಟು ತಿಂಗಳಾಯ್ತು, ಒಂದೂ ಮುರಿದಿಲ್ಲ. ಗಾಳಿ ಮಾತ್ರ ವಾರಕ್ಕೊಮ್ಮೆ ತುಂಬುತ್ತೇನೆ.