ದಿನಬಳಕೆ ಲೆನ್ಸ್: ಸಂಜೆಯಾದರೂ ಕಣ್ಣು ಉರಿಯದಿರಬೇಕಾದರೆ

ನೀರಿನಂಶ ಜಾಸ್ತಿ ಇದ್ದಷ್ಟೂ ಕಣ್ಣಿಗೆ ತಂಪು ಎಂದುಕೊಂಡು, ಒಂದೇ ದಿನ ಹಾಕಿ ಬಿಸಾಡುವ ಕಾಂಟ್ಯಾಕ್ಟ್ ಲೆನ್ಸ್ ಕೊಳ್ಳುವವರು ಬಹಳ. ವಿಷಯ ಅಷ್ಟು ನೇರವಲ್ಲ.

ಕಣ್ಣಿನ ಮುಂಭಾಗದ ಪಾರದರ್ಶಕ ಪದರವಾದ ಕಾರ್ನಿಯಾಕ್ಕೆ ರಕ್ತನಾಳಗಳಿಲ್ಲ, ಅದಕ್ಕೆ ಬೇಕಾದ ಆಮ್ಲಜನಕ ಹೆಚ್ಚಾಗಿ ಹೊರಗಿನ ಗಾಳಿಯಿಂದಲೇ ಬರಬೇಕು. ನೀರು ಹೀರಿಕೊಳ್ಳುವ ಮೆದು ಪ್ಲಾಸ್ಟಿಕ್ಕಾದ ಹೈಡ್ರೋಜೆಲ್ ಲೆನ್ಸಿನಲ್ಲಿ ಅದು ಸಾಗುವುದು ಲೆನ್ಸಿನೊಳಗಿನ ನೀರಿನ ಮೂಲಕ. ಎಟಾಫಿಲ್ಕಾನ್ ಎ ಎಂಬ ಹೈಡ್ರೋಜೆಲ್ ವಸ್ತುವಿನಲ್ಲಿ ಶೇ. 58, ನೆಲ್ಫಿಲ್ಕಾನ್ ಎ ಎಂಬುದರಲ್ಲಿ ಶೇ. 69 ನೀರು. ಇವು ಮೆದು, ಬೆಲೆಯೂ ಸಾಮಾನ್ಯವಾಗಿ ಕಡಿಮೆ. ಆದರೆ ಎಸಿಯಲ್ಲಿ, ಬಸ್ಸಿನ ಕಿಟಕಿ ಗಾಳಿಗೆ ಆ ನೀರು ಆರುತ್ತಾ ಹೋಗುತ್ತದೆ. ಸಿಲಿಕೋನ್ ಹೈಡ್ರೋಜೆಲ್‌ನಲ್ಲಿ ಆಮ್ಲಜನಕವನ್ನು ಮುಖ್ಯವಾಗಿ ದಾಟಿಸುವುದು ಸಿಲಿಕೋನ್. ಹಾಗಾಗಿ ಸೆನೋಫಿಲ್ಕಾನ್ ಎ ಲೆನ್ಸಿನಲ್ಲಿ ನೀರು ಬರೇ ಶೇ. 38 ಇದ್ದರೂ ಎಟಾಫಿಲ್ಕಾನ್‌ಗಿಂತ ನಾಲ್ಕು ಪಟ್ಟಿಗೂ ಹೆಚ್ಚು ಆಮ್ಲಜನಕ ದಾಟಿಸುವ ಶಕ್ತಿ ಅದಕ್ಕಿದೆ. ಡೆಲೆಫಿಲ್ಕಾನ್ ಎ ಇನ್ನೂ ಜಾಣ ರಚನೆ: ನಡುವೆ ಶೇ. 33, ರೆಪ್ಪೆ ಉಜ್ಜುವ ಮೇಲ್ಮೈಯಲ್ಲಿ ಶೇ. 80ಕ್ಕೂ ಹೆಚ್ಚು ನೀರು.

ಕುಂಬಳೆ, ಉಪ್ಪಳದಿಂದ ದಿನಾ ಮಂಗಳೂರಿಗೆ ಹೋಗಿ ಎಸಿಯಲ್ಲಿ ಕಂಪ್ಯೂಟರ್ ಮುಂದೆ ಕೂರುವವರು ಸಿಲಿಕೋನ್ ಹೈಡ್ರೋಜೆಲ್‌ಗೇ ದುಡ್ಡು ಹಾಕುವುದು ಒಳ್ಳೆಯದು. ಮದುವೆ, ಯಕ್ಷಗಾನದ ವೇಷ ಎಂದು ಅಪರೂಪಕ್ಕೆ ಹಾಕುವವರಿಗೆ ಹೈಡ್ರೋಜೆಲ್ ಸಾಕು. ವೇಷದವರು ಬಣ್ಣ ಹಚ್ಚುವ ಮೊದಲೇ ಲೆನ್ಸ್ ಹಾಕಿ, ಬಣ್ಣ ತೆಗೆಯುವ ಮೊದಲೇ ಅದನ್ನು ತೆಗೆಯಬೇಕು.

ಕನ್ನಡಕದ ಚೀಟಿ ಕೊಟ್ಟು ಲೆನ್ಸ್ ತರಬೇಡಿ. ಕನ್ನಡಕದಲ್ಲಿ -6.00 ಇದ್ದರೆ ಲೆನ್ಸಿಗೆ ಸುಮಾರು -5.50 ಬರುತ್ತದೆ, ಬಾಗು ಮತ್ತು ಅಗಲವನ್ನೂ ಕಣ್ಣು ನೋಡಿಯೇ ನಿರ್ಧರಿಸಬೇಕು. ಟ್ರಯಲ್ ಲೆನ್ಸ್ ಕೇಳಿ ಪಡೆದು, ಸಂಜೆವರೆಗೆ ಹಾಕಿ ನೋಡಿ. ಅಂಗಡಿಯಲ್ಲಿ ಹತ್ತು ನಿಮಿಷ ಹಿತವಾಗಿದ್ದರೆ ಏನೂ ತಿಳಿಯುವುದಿಲ್ಲ.

ಹಾಕುವಾಗ ನಮ್ಮ ಕಡೆ ಮೊದಲು ಕೆಡಿಸುವುದು ತೆಂಗಿನೆಣ್ಣೆ. ತಲೆಗೆ ಹಚ್ಚಿದ ಕೈಯನ್ನು ನೀರಲ್ಲಿ ತೊಳೆದರೆ ಸಾಲದು. ಜಿಡ್ಡು ಲೆನ್ಸಿಗೆ ಹತ್ತಿ ಮಂಜು ಕವಿಯುತ್ತದೆ. ಸಾಬೂನಿನಿಂದ ಉಗುರಿನ ಸಂದಿವರೆಗೆ ತೊಳೆದು, ನೂಲು ಬಿಡದ ಬಟ್ಟೆಯಲ್ಲಿ ಪೂರ್ತಿ ಒರೆಸಿ. ಲೆನ್ಸನ್ನು ಬೆರಳ ತುದಿಯಲ್ಲಿಟ್ಟು ಬದಿಯಿಂದ ನೋಡಿ: ಬಟ್ಟಲಿನಂತಿದ್ದರೆ ಸರಿ, ಅಂಚು ಹೊರಕ್ಕೆ ಮಗುಚಿದ್ದರೆ ತಿರುಗುಮುರುಗಾಗಿದೆ. ಕೆಳರೆಪ್ಪೆ ಎಳೆದು, ಮೇಲ್ರೆಪ್ಪೆ ಎತ್ತಿ ಹಿಡಿದು ಇಟ್ಟು, ನಿಧಾನ ರೆಪ್ಪೆ ಮುಚ್ಚಿ. ಮೊದಲ ದಿನ ನಾಲ್ಕು ಗಂಟೆ ಸಾಕು. ಮತ್ತೆ ದಿನಕ್ಕೆ ಒಂದೆರಡು ಗಂಟೆ ಏರಿಸಿ.

ಬಾವಿಯದ್ದಿರಲಿ, ಗುಡ್ಡ ಕೊರೆದು ನೀರು ತರುವ ಸುರಂಗದ್ದಿರಲಿ, ನೀರು ಲೆನ್ಸಿಗೆ ಸೋಕಬಾರದು. ಕುಡಿಯಲು ಯೋಗ್ಯವಾದ ನೀರಲ್ಲೂ ಅಕಾಂತಮೀಬಾ ಎಂಬ ಕಣ್ಣಿಗೆ ಕಾಣದ ಏಕಕೋಶ ಜೀವಿ ಇರಬಹುದು. ಅದು ಕಾರ್ನಿಯಾಕ್ಕೆ ಹೊಕ್ಕರೆ ತಿಂಗಳುಗಟ್ಟಲೆ ಔಷಧಿ, ದೃಷ್ಟಿಯೂ ಹೋಗಬಹುದು. ಆದ್ದರಿಂದ ಕೆರೆಯಲ್ಲಿ ಮುಳುಗುವ ಮೊದಲು, ಸ್ನಾನಕ್ಕೆ ಮೊದಲು ತೆಗೆಯಿರಿ. ಅಡಿಕೆಗೆ ಬೋರ್ಡೋ ದ್ರಾವಣ (ಮೈಲುತುತ್ತು-ಸುಣ್ಣದ ಔಷಧಿ) ಸಿಂಪಡಿಸುವ ದಿನ ಹಾಕಲೇಬೇಡಿ.

ಹಾಕಿದ ಕೂಡಲೇ ಚುಚ್ಚಿದರೆ ಕಸವೋ, ಹರಿದ ಅಂಚೋ, ತಿರುಗುಮುರುಗೋ ಇರಬೇಕು. ಮಧ್ಯಾಹ್ನ ಕಳೆದ ಮೇಲೆ ಉರಿದರೆ ಹೆಚ್ಚಾಗಿ ಒಣಗುವಿಕೆ: ಪರದೆ ನೋಡುವಾಗ ರೆಪ್ಪೆ ಬಡಿಯುವುದೇ ಕಡಿಮೆಯಾಗುತ್ತದೆ. ಸಂರಕ್ಷಕವಿಲ್ಲದ, ಲೆನ್ಸಿನ ಮೇಲೆ ಬಿಡಬಹುದಾದ ಹನಿ ಬಳಸಿ. ಎರಡು ವಾರವಾದರೂ ನಿಲ್ಲದಿದ್ದರೆ ವಸ್ತು ಬದಲಿಸಿ ನೋಡಿ.

ರಾತ್ರಿ ತೆಗೆದದ್ದು ಕಸದ ಬುಟ್ಟಿಗೇ. ಉಳಿಸಿ ನಾಳೆ ಹಾಕುವಂತಿಲ್ಲ, ಹಾಕಿಕೊಂಡು ಮಲಗುವಂತಿಲ್ಲ. ನೋವು, ಕೆಂಪು, ಬೆಳಕು ನೋಡಲಾಗದಿರುವುದು, ಮಂಜು, ಇವುಗಳಲ್ಲಿ ಒಂದು ಕಂಡರೂ ಲೆನ್ಸ್ ತೆಗೆದು ಅದೇ ದಿನ ಕಣ್ಣಿನ ಡಾಕ್ಟರರ ಬಳಿ ಹೋಗಿ. ಮೆಡಿಕಲ್‌ನಲ್ಲಿ ಕೇಳಿ ತಂದ ಸ್ಟಿರಾಯ್ಡ್ ಹನಿ ಸೋಂಕನ್ನು ಹೆಚ್ಚಿಸಬಲ್ಲದು. ತೆಗೆದ ಲೆನ್ಸನ್ನೂ ಪೊಟ್ಟಣವನ್ನೂ ಜೊತೆಗೆ ಒಯ್ಯಿರಿ, ಪರೀಕ್ಷೆಗೆ ಬೇಕಾಗಬಹುದು.