ದಪ್ಪ ಮೈಯವರ ಸೈಕಲ್ ಸವಾರಿಗೆ ಹಿತವಾದ ಉಡುಪು

ತೂಕ ಇಳಿಸಲೆಂದು ಸೈಕಲ್ ಏರಿದವರು ಕೆಲವೇ ವಾರಗಳಲ್ಲಿ ಅದನ್ನು ಮೂಲೆಗೆ ನಿಲ್ಲಿಸಿದರೆ, ಅದಕ್ಕೆ ಅನೇಕ ವೇಳೆ ಸೋಮಾರಿತನ ಕಾರಣವಲ್ಲ, ತೊಡೆಯ ಉರಿ ಕಾರಣ. ದಪ್ಪ ಮೈಯವರ ತೊಡೆಗಳು ಪ್ರತಿ ತುಳಿತದಲ್ಲೂ ಸೀಟಿಗೆ ಉಜ್ಜುತ್ತವೆ. ಬೆವರಿನಿಂದ ತೊಯ್ದ ಹತ್ತಿ ಬಟ್ಟೆ ಮತ್ತು ಅದರ ದಪ್ಪ ಹೊಲಿಗೆಗಳು ಆ ಉಜ್ಜುವಿಕೆಯನ್ನು ಗಾಯವಾಗಿಸುತ್ತವೆ. ಆದ್ದರಿಂದ ಪುಣೆಯಲ್ಲಿ ಹೊಸದಾಗಿ ಸೈಕಲ್ ತುಳಿಯತೊಡಗಿರುವ ಕನ್ನಡಿಗ ಬಂಧುಗಳಿಗೆ ನನ್ನ ಮೊದಲ ಸಲಹೆಯೆಂದರೆ, ಉಡುಪಿಗೆಂದು ತೆಗೆದಿಟ್ಟ ಹಣದ ಬಹುಪಾಲನ್ನು, ಕೂರುವ ಭಾಗದಲ್ಲಿ ಮೆತ್ತನೆಯ ಪ್ಯಾಡ್ ಇರುವ, ಮೈಗೆ ಅಂಟುವ ಸೈಕಲ್ ಶಾರ್ಟ್ಸ್‌ಗೇ ವೆಚ್ಚ ಮಾಡಿ.

ಈ ಶಾರ್ಟ್ಸ್ ಅನ್ನು ಒಳಉಡುಪಿಲ್ಲದೆ, ನೇರವಾಗಿ ಮೈಗೆ ತಾಗುವಂತೆ ತೊಡಬೇಕು. ಒಳಗೆ ಇನ್ನೊಂದು ಬಟ್ಟೆಯಿದ್ದರೆ ಅದರ ಹೊಲಿಗೆಯೇ ಚುಚ್ಚುತ್ತದೆ. ಹೊಟ್ಟೆ ದೊಡ್ಡದಿರುವವರಿಗೆ ಸೊಂಟದ ಎಲಾಸ್ಟಿಕ್‌ಗಿಂತ ಭುಜದ ಪಟ್ಟಿಗಳಿರುವ ಬಿಬ್ ಶಾರ್ಟ್ಸ್ ಹಿತ, ಏಕೆಂದರೆ ಮುಂದಕ್ಕೆ ಬಾಗಿದಾಗ ಎಲಾಸ್ಟಿಕ್ ಹೊಟ್ಟೆಯನ್ನು ಒತ್ತಿ ಕೆಳಗೆ ಮಡಚಿಕೊಳ್ಳುತ್ತದೆ. ಆದರೆ ಶೌಚಕ್ಕೆ ಹೋಗುವಾಗ ಬಿಬ್ ತೊಂದರೆ ಕೊಡುತ್ತದೆ, ವಿಶೇಷವಾಗಿ ಮಹಿಳೆಯರಿಗೆ. ಅವರು ಅಗಲವಾದ, ಎತ್ತರದ ಸೊಂಟಪಟ್ಟಿ ಇರುವುದನ್ನು ನೋಡಬಹುದು. ಕಾಲಿನ ಭಾಗ ಮೊಣಕಾಲಿನ ಸಮೀಪದವರೆಗೆ ಬರಬೇಕು, ಗಿಡ್ಡವಾದುದು ಮೇಲಕ್ಕೆ ಸುರುಳಿಯಾಗುತ್ತದೆ. ಪ್ಯಾಡ್ ದಪ್ಪವಾದಷ್ಟೂ ಒಳ್ಳೆಯದೆಂಬ ನಂಬಿಕೆ ಸರಿಯಲ್ಲ. ಅದು ಮಡಿಕೆ ಬೀಳದೆ ಕುಳಿತಿರುವುದೇ ಮುಖ್ಯ. ಅಂಗಡಿಯ ಟ್ರಯಲ್ ರೂಮಿನಲ್ಲಿ ನೆಟ್ಟಗೆ ನಿಂತು ನೋಡಿದರೆ ಸಾಲದು, ಹ್ಯಾಂಡಲ್ ಹಿಡಿದವರಂತೆ ಬಾಗಿ ಮೊಣಕಾಲು ಎತ್ತಿ ನೋಡಬೇಕು.

ಮೈಗೆ ಅಂಟುವ ಬಟ್ಟೆ ತೊಟ್ಟು ಬೀದಿಗಿಳಿಯಲು ಸಂಕೋಚವಾಗುವುದು ಸಹಜ. ಅಂಥವರು ಅದರ ಮೇಲೆ ತೆಳುವಾದ, ಸಡಿಲವಾದ ಇನ್ನೊಂದು ಶಾರ್ಟ್ಸ್ ಹಾಕಿಕೊಳ್ಳಲಿ. ಸವಾರಿ ನಿಲ್ಲುವುದಕ್ಕಿಂತ ಅದು ಎಷ್ಟೋ ಮೇಲು.

ಅಳತೆಯ ವಿಷಯದಲ್ಲಿ, ಮುಂದೆ ಇಳಿಯಲಿರುವ ಮೈಗಾಗಿ ಇಂದೇ ಚಿಕ್ಕದನ್ನು ಕೊಳ್ಳಬೇಡಿ. ಟೇಪಿನಿಂದ ಸೊಂಟ, ನಿತಂಬ, ತೊಡೆಗಳನ್ನು ಸೆಂಟಿಮೀಟರಿನಲ್ಲಿ ಅಳೆದು ಆಯಾ ಕಂಪನಿಯ ಪಟ್ಟಿಗೆ ಹೋಲಿಸಿ, ಏಕೆಂದರೆ ಒಂದು ಕಂಪನಿಯ ಡಬಲ್ ಎಕ್ಸೆಲ್ ಇನ್ನೊಂದರ ಎಕ್ಸೆಲ್‌ಗೆ ಸಮನಾಗಿರಬಹುದು. ತೂಕ ಇಳಿಯುವಾಗ ಅಳತೆ ಬದಲಾಗುವುದರಿಂದ ಎರಡು ಶಾರ್ಟ್ಸ್ ಸಾಕು, ಒಂದು ಒಣಗುವಾಗ ಇನ್ನೊಂದು.

ಮೇಲಂಗಿಗೆ ಹೆಚ್ಚು ಹಣ ಬೇಡ. ಬೇಗ ಒಣಗುವ ಪಾಲಿಯೆಸ್ಟರ್ ಟೀ ಶರ್ಟ್, ಬಾಗಿದಾಗ ಬೆನ್ನು ಕಾಣದಷ್ಟು ಉದ್ದವಿದ್ದರೆ ಸಾಕು. ಮುಂದೆ ಸಡಿಲವಾದರೆ ದರ್ಜಿಯ ಬಳಿ ಪಕ್ಕದ ಹೊಲಿಗೆ ಹಿಡಿಸಬಹುದು. ಶಾರ್ಟ್ಸ್‌ಗೆ ಈ ಉಪಾಯ ನಡೆಯದು, ಹೊಸ ಹೊಲಿಗೆ ತೊಡೆಗೇ ಬರುತ್ತದೆ. ಚಳಿಗಾಲದ ಬೆಳಗಿನಲ್ಲಿ ಪುಣೆ ಬಳಿಯ ಸಿಂಹಗಡ ಕೋಟೆಯ ಬೆಟ್ಟ ಹತ್ತುವವರು ಜಿಪ್ ಇರುವ ತೆಳು ವಿಂಡ್‌ಚೀಟರ್ ಒಯ್ಯಲಿ. ಹತ್ತುವಾಗ ಬೆವರಿದ ಮೈಗೆ ಇಳಿಜಾರಿನ ಗಾಳಿ ತುಂಬ ತಣ್ಣಗೆ ಹೊಡೆಯುತ್ತದೆ.

ಪ್ರತಿ ಸವಾರಿಯ ನಂತರ ಶಾರ್ಟ್ಸ್ ಒಗೆಯಲೇಬೇಕು. ಒಗೆಯದ ಪ್ಯಾಡಿನಿಂದ ಚರ್ಮದಲ್ಲಿ ಗುಳ್ಳೆ, ಸೋಂಕು ಆಗಬಹುದು. ಫ್ಯಾಬ್ರಿಕ್ ಕಂಡೀಷನರ್ ಬಳಸದೆ, ಪ್ಯಾಡ್ ಹೊರಗೆ ಬರುವಂತೆ ತಿರುಗಿಸಿ ನೆರಳಿನಲ್ಲಿ ಒಣಗಿಸಿ. ಮಳೆಗಾಲದಲ್ಲಿ ಫ್ಯಾನಿನ ಕೆಳಗೆ ಹರವಬೇಕಾಗುತ್ತದೆ. ಕುಳಿತಾಗ ಪ್ಯಾಡ್ ಅತ್ತಿತ್ತ ಜಾರತೊಡಗಿದರೆ, ಬಟ್ಟೆ ಹರಿಯದಿದ್ದರೂ ಒಂದು ಅಳತೆ ಚಿಕ್ಕದಾದ ಶಾರ್ಟ್ಸ್ ಕೊಳ್ಳುವ ಸಮಯ ಬಂದಿದೆಯೆಂದು ತಿಳಿಯಿರಿ.