ಚಿಕ್ಕಂದಿನ ಡಾರ್ಟ್‌ಮೂರ್: ನೆನಪಿನಿಂದ ಜಲವರ್ಣ

ಇಂಗ್ಲೆಂಡಿನ ಡೆವನ್‌ನಲ್ಲಿರುವ ಡಾರ್ಟ್‌ಮೂರ್‌ನಂಥ ಬೋಳು ಗುಡ್ಡಗಾಡನ್ನು ಬಾಲ್ಯದ ನೆನಪಿನಿಂದ ಜಲವರ್ಣದಲ್ಲಿ ಚಿತ್ರಿಸುವವರು ಮೊದಲೇ ಫೋಟೊ ನೋಡಬಾರದು. ನೋಡಿದರೆ ಕೈ ಅದನ್ನೇ ನಕಲು ಮಾಡುತ್ತದೆ. ಇದ್ದಿಲಿನಲ್ಲಿ ಅಂಗೈಯಗಲದ ನಾಲ್ಕೈದು ಕರಡು ಹಾಕಿ. ಕಣ್ಣಿನ ಎತ್ತರ ಮೂರೂವರೆ ಅಡಿ ಎಂದಿಟ್ಟುಕೊಳ್ಳಿ: ಆಗ ಹತ್ತಿರದ ಹುಲ್ಲು, ಪೊದೆ ದಿಗಂತವನ್ನು ದಾಟಿ ನಿಲ್ಲುತ್ತವೆ. ದೊಡ್ಡವರ ಎತ್ತರದಿಂದ ಬರೆದರೆ ಬರೀ ಪೋಸ್ಟ್‌ಕಾರ್ಡ್!

ಋತು ಒಂದೇ ಇರಲಿ. ನೆನಪು ಆಗಸ್ಟಿನ ನೇರಳೆ ಹೆದರ್ ಹೂವನ್ನೂ ಅಕ್ಟೋಬರಿನ ತುಕ್ಕುಬಣ್ಣದ ಜರೀಗಿಡವನ್ನೂ ಒಟ್ಟಿಗೇ ತಂದು ಸುರಿಯುತ್ತದೆ.

300 ಜಿಎಸ್‌ಎಂನ (ಚದರ ಮೀಟರಿಗೆ 300 ಗ್ರಾಂ ತೂಗುವ) ದಪ್ಪ ಕಾಗದ ಒದ್ದೆ ಮಾಡಿ, ಅಲ್ಟ್ರಾಮರೀನ್ ಎಂಬ ಗಾಢ ನೀಲಿಗೆ ಚೂರು ಬರ್ಂಟ್ ಸಿಯೆನ್ನಾ ಎಂಬ ಕೆಂಗಂದು ಬೆರೆಸಿದ ಬೂದು ಆಕಾಶ ಹಚ್ಚಿ. ಕಾಗದದ ಹೊಳಪು ಆರುವ ಮುನ್ನ ದೂರದ ಗುಡ್ಡವನ್ನು ಗಟ್ಟಿ ಬಣ್ಣದಲ್ಲಿ ಇಳಿಸಿದರೆ ಅಂಚು ಮಂಜಿನಲ್ಲಿ ಕರಗುತ್ತದೆ. ಹೊಳಪು ಹೋದಮೇಲೆ ನೀರು ತುಂಬಿದ ಕುಂಚ ಮುಟ್ಟಿಸಬೇಡಿ. ನೀರು ಬಣ್ಣವನ್ನು ತಳ್ಳಿ ಹೂಕೋಸಿನಂಥ ಕಲೆ ಏಳುತ್ತದೆ, ಅದನ್ನು ತಿದ್ದಲಾಗದು. ಟಾರ್ ಎನ್ನುವ ಗ್ರಾನೈಟ್ ಬಂಡೆಗುಪ್ಪೆಗಳಿಗೆ ಕಾಗದ ಪೂರ್ತಿ ಒಣಗಿರಬೇಕು.

ಹೆದರ್‌ಗೆ ಟ್ಯೂಬಿನ ನೇರಳೆಯನ್ನು ಹಾಗೇ ಬಳಿದರೆ ಪ್ಲಾಸ್ಟಿಕ್ ಹೂವಾಗುತ್ತದೆ. ಗುಲಾಬಿ ಬಣ್ಣಕ್ಕೆ ಅಲ್ಟ್ರಾಮರೀನ್ ಸೇರಿಸಿ, ರಾ ಅಂಬರ್ ಎಂಬ ಕಂದಿನಿಂದ ಮಂಕಾಗಿಸಿ, ನೀರು ಕಡಿಮೆಯಿರುವ ಒಣಕುಂಚದಲ್ಲಿ ತೇಲಿಸಿ. ನಡುವೆ ಗಾರ್ಸ್ ಎಂಬ ಮುಳ್ಳುಪೊದೆಯ ಹಳದಿ ನಾಲ್ಕು ಚುಕ್ಕೆ ಸಾಕು. ಫೋಟೊ ನೋಡುವುದಾದರೆ ಈಗ ನೋಡಿ, ಬಂಡೆಯ ಅಡ್ಡಬಿರುಕು ಸರಿಯಿದೆಯೇ ನೋಡಲಷ್ಟೇ.